ಒಂದು ವರ್ಷಕ್ಕಾಗುವಷ್ಟು ನಗು

ನನ್ನ ಗಂಡನನ್ನು ನಾನು ಮೊದಲು ನೋಡಿದ್ದು ಫೋಟೋದಲ್ಲಿ. ನೀಲಿ ಕೋಟು, ಕೈಯಲ್ಲಿ ಕೀಲಿಗೊಂಚಲು, ಒರಗಿ ನಿಂತದ್ದು ದೊಡ್ಡದೊಂದು ಬಿಳಿ ಕಾರಿಗೆ, ಹಿಂದೆ ದೋಹಾದ ಕಾರ್ನಿಶ್ ಎಂಬ ಕಡಲದಂಡೆಯ ರಸ್ತೆ ಮತ್ತು ಸಮುದ್ರ. ಮದುವೆಯಾಗಿ ಕತಾರಿಗೆ ಬಂದ ಮೇಲೆ ತಿಳಿಯಿತು: ಕಾರು ಯಾರೋ ಪುಣ್ಯಾತ್ಮ ಅರಬನದ್ದು, ಕೋಟು ದೋಹಾದ ನಜ್ಮಾ ಬಡಾವಣೆಯ ಒಂದೇ ರೂಮಿನಲ್ಲಿ ಮಲಗುತ್ತಿದ್ದ ಬ್ರಹ್ಮಚಾರಿಗಳೆಲ್ಲರ ಜಂಟಿ ಆಸ್ತಿ. ಕೀಲಿಗೊಂಚಲು ಮಾತ್ರ ಇವರದ್ದೇ. ಅದರಲ್ಲಿ ಒಂದು ಕೀಲಿ ರೂಮಿನದ್ದು, ಉಳಿದವು ಯಾವುದರದ್ದೆಂದು ಇವರಿಗೂ ಗೊತ್ತಿರಲಿಲ್ಲ. ಆ ಕೋಟು ನಮ್ಮ ಉಡುಪಿ, ಕಾಪು ಕಡೆಯ ಮೂವರು ಹುಡುಗಿಯರಿಗೆ ಮದುವೆ ಮಾಡಿಸಿತು. ನಾವು ಮೂವರೂ ಕೋಟನ್ನೇ ಮೆಚ್ಚಿ ಒಪ್ಪಿದವರು, ಅದರೊಳಗಿದ್ದವರು ಜತೆಯಲ್ಲಿ ಬಂದರು.

ಗಲ್ಫಿನ ನಮ್ಮವರಲ್ಲಿ ಈ ಕಲೆಗೆ ‘ಸ್ಟಾಕ್’ ಎಂದು ಹೆಸರು. ಒಂದು ಶುಕ್ರವಾರ ಕ್ಷೌರ ಮಾಡಿಸಿಕೊಂಡು, ಚೀಲದಲ್ಲಿ ನಾಲ್ಕೈದು ಅಂಗಿ ತುಂಬಿಕೊಂಡು, ಕ್ಯಾಮೆರಾ ಇದ್ದವನೊಬ್ಬನನ್ನು ಹಿಡಿದು ಹೊರಡುವುದು. ಕಂಡವರ ಕಾರಿನ ಮುಂದೆ, ಹೋಟೆಲಿನ ಕಾರಂಜಿಯ ಮುಂದೆ, ಖರ್ಜೂರದ ಮರದ ಕೆಳಗೆ, ಅಂಗಿ ಬದಲಿಸಿ ಬದಲಿಸಿ ನಗುವುದು. ಆಮೇಲೆ ತಿಂಗಳಿಗೊಂದರಂತೆ ಊರಿಗೆ ಕಳಿಸುವುದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಇದಕ್ಕೂ ನಿಯಮಗಳಿದ್ದವು. ಕೈಗಡಿಯಾರ ಬಿಚ್ಚಬೇಕು, ಬೈತಲೆ ಬದಲಿಸಬೇಕು, ಗೋಡೆಯ ಕ್ಯಾಲೆಂಡರ್ ತಿರುಗಿಸಿಡಬೇಕು. ಮುಖ್ಯವಾಗಿ, ಸ್ಟಾಕು ಮುಂದಿನ ರಜೆಯವರೆಗೆ ಮಾತ್ರ. ರಜೆಗೆ ಮನುಷ್ಯನೇ ಊರಿಗೆ ಹೋಗುತ್ತಾನಲ್ಲ, ಮತ್ತೆ ಫೋಟೋ ಯಾಕೆ?

ನಾನೇನು ಕಡಿಮೆಯವಳಲ್ಲ. ದೋಹಾದ ಹೊರವಲಯದ ಐನ್ ಖಾಲಿದಿನಲ್ಲಿ ನಾವಿದ್ದದ್ದು ಒಂದು ವಿಲ್ಲಾದ ಹಿಂಬದಿಯ ಎರಡು ಕೋಣೆಗಳಲ್ಲಿ. ಮುಂಬದಿಯ ಕಾಗದದ ಹೂವಿನ ಬಳ್ಳಿ, ಕೆತ್ತನೆಯ ಬಾಗಿಲು ಎಲ್ಲ ಮಾಲೀಕನದ್ದು. ಅವನು ಮನೆಯಲ್ಲಿಲ್ಲದ ಹೊತ್ತು ನೋಡಿ ಆ ಬಾಗಿಲಿನ ಮುಂದೆ ನಾನು ತೆಗೆಸಿಕೊಂಡ ಫೋಟೋಗಳು ಊರಿನಲ್ಲಿ ಅಮ್ಮನ ಷೋಕೇಸಿನಲ್ಲಿ ಸಾಲಾಗಿ ನಿಂತಿದ್ದವು.

ಏಷ್ಯನ್ ಗೇಮ್ಸ್ ಬರುತ್ತದೆಂದು ದೋಹಾವನ್ನೆಲ್ಲ ಅಗೆದು ಹಾಕಿದ್ದ ಆ ಕಾಲದಲ್ಲಿ ನನಗೆ ಹೊರದೇಶದ ವಿಶ್ವವಿದ್ಯಾಲಯವೊಂದರ ಶಾಖೆಯಲ್ಲಿ ಕೆಲಸ ಸಿಕ್ಕಿತು. ವಿಭಾಗದ ಹೆಸರು ವಿದ್ಯಾರ್ಥಿ ಕಲ್ಯಾಣ. ಕಲ್ಯಾಣವೆಂದರೆ ಬಲೂನು ಊದಿಸುವುದು, ಹಾಸ್ಟೆಲಿನ ಬಸ್ಸಿನ ಹೊತ್ತು ನೋಡುವುದು, ಪದವಿ ಪ್ರದಾನದ ಕರಿ ಗೌನುಗಳ ಬೀರುವಿಗೆ ಬೀಗ ಹಾಕುವುದು, ಕಚೇರಿಯ ಕ್ಯಾಮೆರಾದಲ್ಲಿ ಎಲ್ಲರ ನಗು ಹಿಡಿಯುವುದು. ಕೊನೆಯ ಕೆಲಸಕ್ಕೆ ನನಗಿಂತ ಅನುಭವಸ್ಥರು ಇಡೀ ಕ್ಯಾಂಪಸ್ಸಿನಲ್ಲಿ ಇರಲಿಲ್ಲ.

ಅಲ್ಲಿ ಬೆರಳೆಣಿಕೆಯಷ್ಟು ಚೀನೀ ವಿದ್ಯಾರ್ಥಿಗಳಿದ್ದರು. ಕಚೇರಿಯವರನ್ನೆಲ್ಲ ಅವರು ‘ಟೀಚರ್’ ಎನ್ನುತ್ತಿದ್ದರು. ಬಲೂನು ಊದುವವಳಿಗೆ ಅಂಥ ಮರ್ಯಾದೆ ಬೇರೆಲ್ಲೂ ಸಿಕ್ಕದು. ಅವರಿಗೆ ಬೇಸರ ಎಂಬುದೇ ಇರಲಿಲ್ಲ. ಇದ್ದದ್ದು ತಲೆನೋವು, ಹೊಟ್ಟೆನೋವು, ನಿದ್ದೆ ಬಾರದ್ದು. ಕ್ಲಿನಿಕ್ಕಿಗೆ ಹೋಗಿ ಮಾತ್ರೆ ತರುತ್ತಿದ್ದರು, ಎರಡು ದಿನಕ್ಕೆ ಮತ್ತೆ ಹೋಗುತ್ತಿದ್ದರು. ಹೊಟ್ಟೆನೋವು ಹೆಚ್ಚಾಗಿದೆ ಎಂದು ತಿಳಿದ ನಮ್ಮ ಕಲ್ಯಾಣ ಸಮಿತಿ ಸಭೆ ಸೇರಿ, ದೀರ್ಘವಾಗಿ ಯೋಚಿಸಿ, ಕೆಫೆಟೇರಿಯಾದಲ್ಲಿ ಮಂಗಳವಾರ ನೂಡಲ್ಸ್ ಇಡಲು ತೀರ್ಮಾನಿಸಿತು. ಏಷ್ಯಾದವಳೆಂಬ ಕಾರಣಕ್ಕೆ ನನ್ನ ಸಲಹೆಯನ್ನೂ ಕೇಳಿದರು. ನಾನು ಗಂಭೀರವಾಗಿ ಗೋಬಿ ಮಂಚೂರಿ ಎಂದೆ. ಮಲಪ್ಪುರದ ಅಡುಗೆಯವರು ಕೆಂಪಗೆ ಮಾಡಿಯೂ ಇಟ್ಟರು. ಚೀನೀ ಹುಡುಗನೊಬ್ಬ ಒಂದು ತುಂಡು ತಿಂದು, ಇದು ಯಾವ ದೇಶದ ತಿಂಡಿ ಎಂದು ಬಹಳ ವಿನಯದಿಂದ ಕೇಳಿದ.

ಸಮಿತಿ ಒಂದು ಪ್ರಶ್ನಾವಳಿಯನ್ನೂ ಹಂಚಿತು. ‘ನೀವು ಎಷ್ಟು ಸಂತೋಷವಾಗಿದ್ದೀರಿ? ಒಂದರಿಂದ ಐದರೊಳಗೆ ಗುರುತಿಸಿ.’ ಮೇಲ್ಗಡೆ ಹೆಸರು, ಕೆಳಗೆ ವಿದ್ಯಾರ್ಥಿವೇತನದ ವಿವರ. ವಿದ್ಯಾರ್ಥಿವೇತನ ಕೊಡುವವನ ಮುಂದೆ ಯಾವ ಮೂರ್ಖ ತಾನು ದುಃಖಿ ಎಂದು ಬರೆಯುತ್ತಾನೆ? ಚೀನೀ ಮಕ್ಕಳೆಲ್ಲ ಐದಕ್ಕೆ ಗುರುತು ಹಾಕಿದರು. ನಮ್ಮ ಮ್ಯಾನೇಜರ್, ಯಾವುದೋ ತಂಪು ದೇಶದಿಂದ ಬಂದ ಹೆಂಗಸು, “ನಮ್ಮ ಚೀನೀ ವಿದ್ಯಾರ್ಥಿಗಳು ಅತ್ಯಂತ ಸಂತುಷ್ಟರು” ಎಂದು ಸಂತೋಷಪಟ್ಟರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ.

ಇಂಥ ಸಂತುಷ್ಟರಲ್ಲಿ ಒಬ್ಬಳು ಒಂದು ಮಧ್ಯಾಹ್ನ ಚಕ್ರದ ಸಣ್ಣ ಪೆಟ್ಟಿಗೆ ಎಳೆದುಕೊಂಡು ನನ್ನ ಮೇಜಿನ ಮುಂದೆ ನಿಂತಳು. ಎರಡನೇ ವರ್ಷದ ಹುಡುಗಿ, ಮನೆಗೆ ಒಬ್ಬಳೇ ಮಗಳು. ಅಮ್ಮ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸದಲ್ಲಿದ್ದಳು.

“ಟೀಚರ್, ನಿಮಗೆ ಸಮಯವಿದ್ದರೆ ನನ್ನ ಕೆಲವು ಫೋಟೋ ತೆಗೆಯುತ್ತೀರಾ? ಅಮ್ಮನಿಗೆ ಕಳಿಸಲು.”

ಪೆಟ್ಟಿಗೆ ತೆರೆದಳು. ಒಳಗೆ ಉಣ್ಣೆಯ ಸ್ವೆಟರ್, ಅವರ ಹೊಸ ವರ್ಷಕ್ಕೆ ಹಾಕುವ ಕೆಂಪು ಕೋಟು, ಹೂವಿನ ಲಂಗ, ಇನ್ನೂ ಏನೇನೋ. ನನಗೆ ಎದೆ ತುಂಬಿ ಬಂತು. ಸ್ಟಾಕ್! ನಜ್ಮಾದ ನಮ್ಮ ವಿದ್ಯೆ ಚೀನಾದವರಿಗೂ ಗೊತ್ತು! ಕಳೆದುಹೋದ ತಂಗಿ ಸಿಕ್ಕಿದಷ್ಟು ಖುಷಿಯಾಗಿ ನಾನು ಕ್ಯಾಮೆರಾ ಎತ್ತಿಕೊಂಡು ಹೊರಟೆ. ಗಡಿಯಾರ ಬಿಚ್ಚಿಸಿದೆ. ಬೈತಲೆ ಬದಲಿಸಿದೆ. ಸ್ವೆಟರಿನ ಫೋಟೋಗೆ ಬೆವರು ಕಾಣಬಾರದೆಂದು ಲೈಬ್ರರಿಯ ಎಸಿಯ ಕೆಳಗೆ ನಿಲ್ಲಿಸಿದೆ. ಕೆಂಪು ಕೋಟಿಗೆ ಬೇರೆ ಗೋಡೆ, ಲಂಗಕ್ಕೆ ಕಾರಂಜಿ. ಅವಳು ಹೇಳಿದಲ್ಲಿ ನಿಂತು, ಹೇಳಿದಾಗ ನಕ್ಕು, ಕ್ಯಾಮೆರಾ ಕೆಳಗಿಳಿದ ಕೂಡಲೇ ನಗುವನ್ನು ಅಂಗಿಯೊಂದಿಗೆ ಮಡಿಸಿ ಪೆಟ್ಟಿಗೆಗೆ ಹಾಕುತ್ತಿದ್ದಳು. ಎಷ್ಟು ಶಿಸ್ತಿನ ಹುಡುಗಿ ಎಂದು ನಾನು ಮೆಚ್ಚಿಕೊಂಡೆ. ಅಂದು ಬೆಳಿಗ್ಗೆ ಸೇಬು ಹೆಚ್ಚುವಾಗ ಬೆರಳು ಕೊಯ್ದುಕೊಂಡಿದ್ದಳಂತೆ. ಕೆಫೆಟೇರಿಯಾದವರು ಅಡುಗೆಮನೆಯ ನೀಲಿ ಪ್ಲಾಸ್ಟರ್ ಸುತ್ತಿ ಕೊಟ್ಟಿದ್ದರು. ನೋವಿದೆಯೇ ಎಂದು ಕೇಳಿದ್ದಕ್ಕೆ ಇಲ್ಲ ಎಂದಳು. ಅದೊಂದಕ್ಕೆ ಮಾತ್ರ ನನ್ನ ಬಳಿ ನಿಯಮವಿರಲಿಲ್ಲ.

ಫೋಟೋಗಳು ಕಚೇರಿಯ ಕಂಪ್ಯೂಟರಿನಲ್ಲಿ ಉಳಿದವು. ಪ್ರಚಾರ ವಿಭಾಗದವರು ಯಾವುದೋ ಚಿತ್ರ ಹುಡುಕುತ್ತ ಬಂದು ಅವಳು ಪುಸ್ತಕ ಹಿಡಿದು ನಕ್ಕದ್ದನ್ನು ಕಂಡರು. ಮುಂದಿನ ತಿಂಗಳ ಸ್ವಾಸ್ಥ್ಯ ಸಪ್ತಾಹಕ್ಕೆ ಆಳೆತ್ತರದ ಪೋಸ್ಟರ್ ಬಂತು: ಅವಳ ನಗು, ಕೆಳಗೆ ದಪ್ಪಕ್ಷರದಲ್ಲಿ ‘ಮನೆಯಿಂದ ದೂರ, ಮನಸ್ಸು ಹಗುರ’ ಎಂಬ ಅರ್ಥದ ಇಂಗ್ಲಿಷ್ ಸಾಲು. ಅದನ್ನು ಮುಂಬಾಗಿಲಿನ ಎದುರಿಗಿದ್ದ ಆಪ್ತ ಸಮಾಲೋಚಕರ ಕೋಣೆಯ ಬಾಗಿಲಿನ ಪಕ್ಕದಲ್ಲೇ ನಿಲ್ಲಿಸಿದರು. ಆ ಕೋಣೆಗೆ ಮುಖ್ಯ ಕ್ಯಾಂಪಸ್ಸಿನಿಂದ ಸಮಾಲೋಚಕರು ತಿಂಗಳಿಗೊಮ್ಮೆ ವಿಮಾನದಲ್ಲಿ ಬರುತ್ತಿದ್ದರು. ಉಳಿದ ದಿನ ಪೋಸ್ಟರೇ ನೋಡಿಕೊಳ್ಳುತ್ತಿತ್ತು. ಹುಡುಗಿ ಆಮೇಲೆ ಮುಂಬಾಗಿಲಿನಿಂದ ಬರುವುದು ಬಿಟ್ಟು, ಬಿಸಿಲಿನಲ್ಲಿ ಸುತ್ತಿ ಹಿಂಬಾಗಿಲಿನಿಂದ ಬರತೊಡಗಿದಳು. ನಾಚಿಕೆ ಎಂದುಕೊಂಡೆವು.

ಕೆಲವು ತಿಂಗಳು ಕಳೆದು ಒಂದು ಗುರುವಾರ ಅದೇ ಪೆಟ್ಟಿಗೆಯೊಂದಿಗೆ ಮತ್ತೆ ಬಂದಳು. ಕೊರಳಿನ ಸುತ್ತ ಅಂಗಿ ಸಡಿಲವಾಗಿತ್ತು. ಕಣ್ಣಿನ ಕೆಳಗೆ ಏನೋ ಬಿಳಿ ಪೌಡರ್ ಹಚ್ಚಿಕೊಂಡಿದ್ದಳು. ಈ ಸಲ ಬಟ್ಟೆ ಹೆಚ್ಚು. ಜತೆಗೆ ಇನ್ನೊಂದು ಬೇಡಿಕೆ.

“ಟೀಚರ್, ಬೀರುವಿನ ಕರಿ ಗೌನು ಸ್ವಲ್ಪ ಹೊತ್ತು ಕೊಡುತ್ತೀರಾ? ಪದವಿ ಫೋಟೋ ಕೂಡ ಈಗಲೇ ತೆಗೆಸಿಕೊಳ್ಳುತ್ತೇನೆ.”

“ಪದವಿಗೆ ಇನ್ನೂ ಎರಡು ವರ್ಷ ಉಂಟಲ್ಲ ಮಾರಾಯ್ತಿ!” ಎಂದು ನಾನು ಇಂಗ್ಲಿಷಿನಲ್ಲಿ ನಗಾಡಿದೆ. ಇಂಗ್ಲಿಷಿನಲ್ಲಿ ‘ಮಾರಾಯ್ತಿ’ ಇಲ್ಲ, ಆದರೂ ಸೇರಿಸಿದೆ. “ಅಷ್ಟು ಸ್ಟಾಕು ಯಾಕೆ? ಊರಿಗೆ ರಜೆಯಲ್ಲಿ ಯಾವಾಗ ಹೋಗುವುದು?”

ಅವಳು ಸ್ವೆಟರಿನ ತೋಳು ಸರಿಮಾಡುತ್ತ, “ಹೋಗುವುದಿಲ್ಲ. ವಾರಕ್ಕೊಂದರಂತೆ ಕಳಿಸಲು ನನ್ನ ಗೆಳತಿಗೆ ಹೇಳಿದ್ದೇನೆ” ಎಂದಳು.

“ಗೆಳತಿ ಯಾಕೆ? ನೀನೇ ಕಳಿಸಬಹುದಲ್ಲ?”

ಅವಳು ಸ್ವೆಟರನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ನಾನು ಕ್ಯಾಮೆರಾ ಕೆಳಗಿಟ್ಟೆ. ನಮ್ಮವರ ಸ್ಟಾಕು ಎಷ್ಟೇ ಸುಳ್ಳಾಗಿರಲಿ, ಅದರ ತುದಿಯಲ್ಲಿ ಒಂದು ವಿಮಾನದ ಟಿಕೆಟ್ ಇರುತ್ತದೆ. ಇವಳ ಸ್ಟಾಕಿನ ತುದಿಯಲ್ಲಿ ಇವಳೇ ಇರಲಿಲ್ಲ.

ನಾನು ಬ್ಯಾಟರಿ ಮುಗಿಯಿತು ಎಂದು ಸುಳ್ಳು ಹೇಳಿ, ಬಾಗಿಲು ಮುಚ್ಚಿ, ಎದುರು ಕುರ್ಚಿಯಲ್ಲಿ ಕುಳಿತು ನೇರವಾಗಿ ಕೇಳಿದೆ: “ನೀನು ಸಾಯುವ ಯೋಚನೆ ಮಾಡಿದ್ದೀಯಾ?” ಇಂಥ ಪ್ರಶ್ನೆಯನ್ನು ನಯವಾಗಿ ಕೇಳುವ ವಿಧಾನ ನಮ್ಮ ಸಪ್ತಾಹದ ಕರಪತ್ರದಲ್ಲಿ ಇದ್ದಿರಬಹುದು, ನನಗೆ ನೆನಪಾಗಲಿಲ್ಲ. ಅವಳು ಹೌದೆಂದು ತಲೆಯಾಡಿಸಿದಳು. ತರಗತಿಗೆ ಹೋಗದೆ ವಾರಗಳಾಗಿದ್ದವಂತೆ. ಏಳಲು ಆಗುವುದಿಲ್ಲ, ಸ್ನಾನ ಮಾಡಲು ಆಗುವುದಿಲ್ಲ, ಪುಸ್ತಕದ ಅಕ್ಷರ ತಲೆಗೆ ಇಳಿಯುವುದಿಲ್ಲ. ಇವತ್ತು ಎದ್ದದ್ದು ಫೋಟೋಗಾಗಿ. “ಬೀದಿಯವರಿಗೆಲ್ಲ ಅಮ್ಮ ಈ ಫೋಟೋ ತೋರಿಸುತ್ತಾಳೆ. ಅವಳಿಗೆ ಏನೂ ಗೊತ್ತಾಗಬಾರದು” ಎಂದಳು. ನನಗೆ ಭಯವಾಯಿತು. ಜೀವಮಾನದಲ್ಲಿ ಅಷ್ಟು ಭಯಪಟ್ಟದ್ದು ಇಲ್ಲ.

ಅವಳ ಕೈ ಹಿಡಿದುಕೊಂಡೇ ಮ್ಯಾನೇಜರ್ ಕೋಣೆಗೆ ಹೋದೆ. ಅವಳನ್ನು ಹೊರಗಿನ ಸೋಫಾದಲ್ಲಿ ಸಹೋದ್ಯೋಗಿಯೊಬ್ಬಳ ಜತೆ ಕೂರಿಸಿ ಒಳಗೆ ವಿಷಯ ಹೇಳಿದೆ.

“ಇವಳೇ?” ಮ್ಯಾನೇಜರಿಗೆ ನಂಬಲಾಗಲಿಲ್ಲ. “ಆದರೆ ಇವಳು ನಮ್ಮ ಪೋಸ್ಟರಿನ ಹುಡುಗಿಯಲ್ಲವೇ?”

ಪೋಸ್ಟರಿನಲ್ಲಿರುವವರಿಗೆ ಕಾಯಿಲೆ ಬರುವುದು ನಿಯಮಬಾಹಿರವೇನೋ. ಸಮಾಲೋಚಕರು ಬರುವುದು ಇನ್ನು ಎರಡು ವಾರಕ್ಕೆ. ಅಲ್ಲಿಯವರೆಗೆ ಉಸಿರಾಟದ ಸಿಡಿ ಒಂದಿದೆ, ಕೊಡಬಹುದು. ಭಾಷೆಯ ತೊಂದರೆ ಆಗಬಾರದಲ್ಲ, ಅದಕ್ಕೆ ಅವಳ ತರಗತಿಯ ಚೀನೀ ಹುಡುಗನೊಬ್ಬನನ್ನು ದುಭಾಷಿಯಾಗಿ ಕೂರಿಸಬಹುದು. ಹುಡುಗಿ ಇಂಗ್ಲಿಷಿನಲ್ಲಿ ಪ್ರಬಂಧ ಬರೆದು ಬಹುಮಾನ ಪಡೆದವಳು. ಯಾರಿಗೆ ಗೊತ್ತಾಗಬಾರದೆಂದು ಅವಳು ಕಣ್ಣಿನ ಕೆಳಗೆ ಪೌಡರ್ ಹಚ್ಚಿಕೊಳ್ಳುತ್ತಿದ್ದಳೋ ಅವರನ್ನೇ ಕರೆದು ಪಕ್ಕದಲ್ಲಿ ಕೂರಿಸುವ ಯೋಜನೆ ಇದು. ನನಗೆ ಪಿತ್ತ ನೆತ್ತಿಗೇರಿತು.

“ಖಲಾಸ್,” ಎಂದೆ. “ನಾನು ಇವಳನ್ನು ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ, ಆಮೇಲೆ ನನ್ನ ಮನೆಗೆ. ನೀವು ಹಾಸ್ಟೆಲಿಗೆ ಫೋನ್ ಮಾಡಿ ಹೇಳಿ. ಸಿಡಿ ನೀವೇ ಕೇಳಿ.”

ಆ ಹೆಂಗಸು ಫೋನ್ ಎತ್ತಿದರು. ಕೆಟ್ಟವರಲ್ಲ, ತರಬೇತಿ ಪಡೆದವರು ಅಷ್ಟೆ.

ಆಸ್ಪತ್ರೆಯಲ್ಲಿ ಸೂಡಾನಿನ ಡಾಕ್ಟರೊಬ್ಬರು ಅವಳೊಬ್ಬಳೊಂದಿಗೇ ತುಂಬ ಹೊತ್ತು ಮಾತನಾಡಿದರು. ಇದು ಕಾಯಿಲೆ, ಗುಣವಾಗುತ್ತದೆ ಎಂದರು. ಔಷಧಿ ಕೊಟ್ಟರು, ಒಂಟಿಯಾಗಿ ಬಿಡಬೇಡಿ ಎಂದರು, ಶನಿವಾರ ಮತ್ತೆ ಕರೆದುಕೊಂಡು ಬರಲು ಹೇಳಿದರು. ಮನೆಯವರಿಗೆ ತಿಳಿಸಲೇಬೇಕು ಎಂದೂ ಹೇಳಿದರು. ಅಲ್ಲಿಯವರೆಗೆ ಎಲ್ಲದಕ್ಕೂ ತಲೆಯಾಡಿಸಿದ್ದ ಹುಡುಗಿ ಅದೊಂದಕ್ಕೆ ಮಾತ್ರ ಬೇಡ ಎಂದಳು.

ಕರೆದೊಯ್ಯಲು ಕಾರು ತಂದ ನನ್ನ ಗಂಡ ಹಿಂದಿನ ಸೀಟಿನಲ್ಲಿ ಕುಳಿತವಳನ್ನು ಕನ್ನಡಿಯಲ್ಲಿ ನೋಡಿ ಮೆಲ್ಲಗೆ ಕೇಳಿದರು: “ಎಂತ ಮಾರಾಯ್ತಿ, ಬೇರೆಯವರ ಮಗಳನ್ನು ಹೀಗೆ ಕರ್ಕೊಂಡು ಬಂದದ್ದು? ನಾಳೆ ಎಂತಾದ್ರೂ ಆದ್ರೆ?”

“ಇವತ್ತು ಎಂತಾದ್ರೂ ಆದ್ರೆ ಅಂತ್ಲೇ ಕರ್ಕೊಂಡು ಬಂದದ್ದು. ನೀವು ಸೀದಾ ನೋಡಿ ಗಾಡಿ ಬಿಡಿ.”

ಅವರು ಮನೆಗೆ ಬಂದು ತಮ್ಮ ಹಾಸಿಗೆಯನ್ನು ತಾವೇ ಎತ್ತಿಕೊಂಡು ಹೊರಗಿನ ಕೋಣೆಗೆ ಹಾಕಿಕೊಂಡರು. ಕೋಟಿನೊಳಗೆ ಒಳ್ಳೆಯ ಮನುಷ್ಯನೇ ಇದ್ದ ಎಂದು ನನಗೆ ಆಗಾಗ ಹೀಗೆ ನೆನಪಾಗುವುದುಂಟು.

ಶುಕ್ರವಾರ ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ ಇಟ್ಟೆ. ಅದು ನಮ್ಮ ಮನೆಯ ಶುಕ್ರವಾರದ ಪದ್ಧತಿ. ಗಂಡ ಅಡುಗೆಮನೆಗೆ ಬಂದು, “ಚೀನಾದವರಿಗೆ ಗಂಜಿ ಕೊಡ್ಲಿಕ್ಕಾಗ್ತದಾ? ನಾನು ಹೊರಗಿಂದ ಫ್ರೈಡ್ ರೈಸ್ ತರ್ತೇನೆ” ಎಂದರು. ಗೋಬಿ ಮಂಚೂರಿ ತರುತ್ತೇನೆ ಎನ್ನಲಿಲ್ಲ, ಅಷ್ಟು ಪುಣ್ಯ. ಹುಡುಗಿ ಹಿಂದಿನ ದಿನದ ಅಂಗಿಯಲ್ಲೇ, ಬಾಚದ ಕೂದಲಿನಲ್ಲಿ ಬಂದು ಬಾಗಿಲಲ್ಲಿ ನಿಂತಿದ್ದಳು. ಪಾತ್ರೆಯೊಳಗೆ ಇಣುಕಿ ನೋಡಿ ಅವಳ ಮುಖ ಬದಲಾಯಿತು.

“ಇದು ನಿಮ್ಮಲ್ಲೂ ಇದೆಯಾ?” ಎಂದಳು. “ನನಗೆ ಜ್ವರ ಬಂದಾಗ ಅಮ್ಮ ಇದನ್ನೇ ಮಾಡುವುದು. ನಮ್ಮದು ಬಿಳಿ. ಉಪ್ಪಿನಲ್ಲಿ ಹಾಕಿದ ಮೂಲಂಗಿ ಜತೆ.”

“ನಮ್ಮದು ಕೆಂಪು. ಮಾವಿನಮಿಡಿ ಜತೆ,” ಎಂದು ಸ್ಟೀಲಿನ ಬಟ್ಟಲು ಮುಂದಿಟ್ಟೆ. ನಿಧಾನವಾಗಿ ತಿಂದಳು. ಮಿಡಿ ಕಚ್ಚಿ ಕಣ್ಣು ಮುಚ್ಚಿಕೊಂಡಳು. ಅರ್ಧ ಬಟ್ಟಲಾದ ಮೇಲೆ, “ಟೀಚರ್, ಈ ಬಟ್ಟಲಿನ ಒಂದು ಫೋಟೋ ತೆಗೆಯುತ್ತೀರಾ? ನಾನು ನಗುವುದಿಲ್ಲ” ಎಂದಳು.

ಕಚೇರಿಯ ಕ್ಯಾಮೆರಾ ನನ್ನ ಚೀಲದಲ್ಲೇ ಇತ್ತು. ತೆಗೆದೆ. ಬೈತಲೆ ಸರಿಮಾಡಲಿಲ್ಲ, ಹಿಂದಿನ ಕ್ಯಾಲೆಂಡರ್ ತಿರುಗಿಸಲಿಲ್ಲ. ನನ್ನ ಅನುಭವಕ್ಕೆ ಕಳಂಕ ತರುವಂಥ ಫೋಟೋ. ನಮ್ಮ ಹಳೆಯ ಕಂಪ್ಯೂಟರಿನಲ್ಲಿ ಕುಳಿತು ಅವಳೇ ಅದನ್ನು ಅಮ್ಮನಿಗೆ ಕಳಿಸಿದಳು. ‘ಇವತ್ತು ಇದನ್ನು ತಿಂದೆ’ ಎಂದಷ್ಟೇ ಬರೆದೆ ಎಂದಳು.

ಚೀನಾದಲ್ಲಿ ಆಗ ಮಧ್ಯಾಹ್ನ, ಕೆಲಸದ ದಿನ. ನಾನು ಬಟ್ಟಲು ತೊಳೆದು ಮುಗಿಸುವಷ್ಟರಲ್ಲಿ ಅವಳ ಮೊಬೈಲ್ ಹೊಡೆದುಕೊಂಡಿತು. ಅಷ್ಟು ತಿಂಗಳು ಅಷ್ಟು ನಗು ಕಳಿಸಿದಾಗಲೂ ವಾರದ ನಡುವೆ ಫೋನ್ ಮಾಡದಿದ್ದ ಅಮ್ಮ, ಕೆಲಸದ ಮೇಜಿನಿಂದ ಎದ್ದು ಹೋಗಿ ಫೋನ್ ಮಾಡಿದ್ದಳು. ಹುಡುಗಿ ಕಿವಿಗೆ ಇಟ್ಟುಕೊಂಡು ಕುಳಿತಳು. ಆ ಕಡೆಯ ದನಿ ಒಂದೇ ಸಮನೆ ಕೇಳುತ್ತಿತ್ತು. ಆಮೇಲೆ ಇವಳು ಅಳತೊಡಗಿದಳು, ಸಣ್ಣ ಮಕ್ಕಳ ಹಾಗೆ ಬಾಯಿ ದೊಡ್ಡದು ಮಾಡಿ. ನನ್ನ ಗಂಡ ಗಾಬರಿಯಾಗಿ ಟಿವಿ ಆರಿಸಿ, ಏನು ಮಾಡಬೇಕೆಂದು ತೋಚದೆ ಪೇಪರ್ ಟವೆಲಿನ ಇಡೀ ಸುರುಳಿ ತಂದು ಅವಳ ಮುಂದೆ ಇಟ್ಟರು.

ಫೋನ್ ಇಟ್ಟ ಮೇಲೆ ಅವಳಾಗಿಯೇ ಹೇಳಿದಳು.

“ಅಮ್ಮ ಕೇಳಿದಳು, ನಮ್ಮ ಮನೆಯಲ್ಲಿ ಇದನ್ನು ಹುಷಾರಿಲ್ಲದವರು ತಿನ್ನುವುದಲ್ಲವಾ, ನಿನಗೇನಾಗಿದೆ ಅಂತ.” ಮೂಗು ಒರೆಸಿಕೊಂಡಳು. “ಆಮೇಲೆ ಹೇಳಿದಳು, ಸ್ವೆಟರಿನ ಫೋಟೋದಲ್ಲಿ ಬೆರಳಿಗೆ ನೀಲಿ ಪಟ್ಟಿ ಇತ್ತು. ಕೆಂಪು ಕೋಟಿನಲ್ಲೂ ಇತ್ತು. ಹೂವಿನ ಲಂಗದಲ್ಲೂ ಇತ್ತು. ಇಷ್ಟು ತಿಂಗಳಾದರೂ ವಾಸಿಯಾಗದ ಗಾಯ ಯಾವುದು ಮಗಳೇ ಅಂತ ಕೇಳಬೇಕೆಂದಿದ್ದೆ. ಕೇಳಿದರೆ ನೀನು ಇನ್ನೂ ಚೆನ್ನಾಗಿ ನಗುವ ಫೋಟೋ ಕಳಿಸುತ್ತೀಯ ಅಂತ ಹೆದರಿ ಸುಮ್ಮನಿದ್ದೆ. ನಾನು ಅಲ್ಲಿಗೆ ಬರಲಾ, ನೀನು ಇಲ್ಲಿಗೆ ಬರುತ್ತೀಯಾ?”

ನಾನು ಸಿಂಕಿನ ಕಡೆ ತಿರುಗಿ ತೊಳೆದ ಬಟ್ಟಲನ್ನೇ ಮತ್ತೆ ತೊಳೆದೆ.

ಅವಳು ಊರಿಗೆ ಹೋದಳು. ಓಡಾಡಿ ರಜೆ ಮಂಜೂರು ಮಾಡಿಸಿ, ಗೆಳತಿಯನ್ನೂ ಜತೆಗೆ ಕಳಿಸಿದವರು ನಮ್ಮ ಮ್ಯಾನೇಜರೇ, ಸುಳ್ಳು ಹೇಳಬಾರದು. ಹೊರಡುವ ಮೊದಲು ನಾನು ಆ ಗೆಳತಿಗೆ, ವಾರಕ್ಕೊಂದು ಕಳಿಸಲೆಂದು ಇವಳು ಕೊಟ್ಟ, ಮೊದಲ ಸಲದ್ದರಲ್ಲಿ ಉಳಿದ ಫೋಟೋಗಳನ್ನು ಅಳಿಸಿಬಿಡು ಎಂದೆ. ಅವಳು ಅಳಿಸಿದಳು. ಆಮೇಲೆ, “ನನ್ನದೂ ಕೆಲವು ಇವೆ, ಟೀಚರ್. ಅವನ್ನೂ ಅಳಿಸಲಾ?” ಎಂದಳು. ಅವಳೂ ಪ್ರಶ್ನಾವಳಿಯಲ್ಲಿ ಐದಕ್ಕೆ ಗುರುತು ಹಾಕಿದವಳು. ಅವಳನ್ನೂ ಸೂಡಾನಿನ ಡಾಕ್ಟರ ಬಳಿ ಕರೆದುಕೊಂಡು ಹೋದ ಮೇಲೆಯೇ ವಿಮಾನ ಹತ್ತಿಸಿದ್ದು.

ಆ ವಾರ ಊರಿನಲ್ಲಿದ್ದ ನನ್ನ ಅಮ್ಮನಿಗೆ ಫೋನ್ ಮಾಡಿದಾಗ ‘ಎಲ್ಲ ಚೆನ್ನಾಗುಂಟು’ ಎಂದು ಬಾಯಿಗೆ ಬಂದದ್ದನ್ನು ನುಂಗಿ, ಫೋಟೋದ ಆ ಬಂಗಲೆ ನಮ್ಮದಲ್ಲ, ಹಿಂದಿನ ಎರಡು ಕೋಣೆ ಮಾತ್ರ ನಮ್ಮದು ಎಂದೆ. “ಗೊತ್ತುಂಟು,” ಎಂದಳು ಅಮ್ಮ. “ಅಷ್ಟು ಫೋಟೋದಲ್ಲಿ ಆ ಬಾಗಿಲಿನ ಒಳಗೆ ನಿಂತದ್ದು ಒಂದಾದ್ರೂ ಉಂಟಾ?”

ಹುಡುಗಿ ಮನೆಯಲ್ಲಿ ಒಂದು ಸೆಮಿಸ್ಟರ್ ಇದ್ದು, ಔಷಧಿ ತೆಗೆದುಕೊಂಡು, ಸ್ವಲ್ಪ ದಪ್ಪಗಾಗಿ ಮರಳಿ ಬಂದಳು. ಅವಳು ಬರುವ ಮೊದಲು ಆ ಪೋಸ್ಟರ್ ತೆಗೆಸಬೇಕೆಂದು ಅದರ ಮುಂದೆ ಹೋಗಿ ನಿಂತೆ. ಅಲ್ಲಿಯವರೆಗೆ ಅದನ್ನು ನಿಜವಾಗಿ ನೋಡಿಯೇ ಇರಲಿಲ್ಲ. ಪುಸ್ತಕದ ಮೇಲೆ ಅವಳ ಕೈ ನನ್ನ ಮುಖದಷ್ಟು ದೊಡ್ಡದಾಗಿತ್ತು. ಬೆರಳುಗಳೆಲ್ಲ ಸ್ವಚ್ಛ. ನೀಲಿ ಪಟ್ಟಿಯ ಗುರುತೂ ಇಲ್ಲ. ಪ್ರಚಾರ ವಿಭಾಗಕ್ಕೆ ಹೋಗಿ ಕೇಳಿದರೆ, ಡಿಸೈನರ್ ಹೆಮ್ಮೆಯಿಂದ, “ಅದಾ? ನೋಡಲು ಚೆನ್ನಾಗಿರಲಿಲ್ಲ. ಕಂಪ್ಯೂಟರಿನಲ್ಲಿ ಒಂದು ನಿಮಿಷದ ಕೆಲಸ, ತೆಗೆದುಬಿಟ್ಟೆ” ಎಂದ.

ಒಂದು ನಿಮಿಷದಲ್ಲಿ ಗಾಯ ವಾಸಿಮಾಡುವ ಇಂಥವರಿರುವಾಗ ಸಮಾಲೋಚಕರು ಯಾಕೆ, ಸೂಡಾನಿನ ಡಾಕ್ಟರು ಯಾಕೆ. ನಾನು ಮರಳಿ ಬಂದು ಪೋಸ್ಟರನ್ನು ನಾನೇ ಸುತ್ತಿ ಬೀರುವಿನ ಹಿಂದೆ ತಳ್ಳಿದೆ. ಹುಡುಗಿ ಫೋಟೋಗಳನ್ನು ಮೊದಲು ಆ ಡಿಸೈನರನ ಕೈಗೆ ಕೊಟ್ಟು, ಆಮೇಲೆ ಅಮ್ಮನಿಗೆ ಕಳಿಸಿದ್ದರೆ, ಅಮ್ಮನ ಕಣ್ಣಿಗೂ ಆ ನೀಲಿ ಪಟ್ಟಿ ಬೀಳುತ್ತಿರಲಿಲ್ಲ.